ಹಲಗೆಯಿಲ್ಲದ ವಿಮಾನವೂ ಇನ್ನೊಂದು ಕುರ್ಚಿಯೂ

ಒಂದಾನೊಂದು ಊರಿನಲ್ಲಿ... ಬೇಡ, ಆ ಊರಿನ ಕತೆ ಎಲ್ಲರಿಗೂ ಗೊತ್ತು. ಅದರ ಪಕ್ಕದ ಊರಿನಲ್ಲಿ ಫಲಕಸೇನನೆಂಬ ಅರಸನಿದ್ದ. ಬೆನ್ನು ನೇರ ಮಾಡಿ ಕುಳಿತುಕೊಳ್ಳಿ. ಬಾಗಿ ಕುಳಿತವರ ಕಿವಿಯಿಂದ ಕತೆ ಜಾರಿ ಬೀಳುತ್ತದೆ.

ಫಲಕಸೇನನಿಗೆ ಯುದ್ಧ ಬೇಡ, ಬೇಟೆ ಬೇಡ. ಅವನಿಗೆ ಬೇಕಾದದ್ದು ಹಲಗೆ. ಊರಿನ ಪ್ರತಿಯೊಂದು ವಸ್ತುವಿನ ಮುಂದೆಯೂ ಅದರ ಹೆಸರು ಬರೆದ ಹಲಗೆ ಇರಬೇಕು. ಬಾವಿಯ ಮುಂದೆ ಬಾವಿ ಎಂದು. ಬೇವಿನ ಮರದ ಮುಂದೆ ಬೇವಿನ ಮರ ಎಂದು. ಅರಸನ ಮೂಗಿಗೂ ಒಂದು ಪುಟ್ಟ ಹಲಗೆ ತೂಗುತ್ತಿತ್ತು: ‘ಅರಸರ ಮೂಗು.’ ಅವನು ಸೀನಿದಾಗಲೆಲ್ಲ ಅದು ಹಾರಿಹೋಗುತ್ತಿತ್ತು. ಮಂತ್ರಿ ಅದನ್ನು ಹುಡುಕಿ ತರುವ ತನಕ ಎಲ್ಲಿಂದ ಉಸಿರಾಡಬೇಕೆಂದು ಅರಸನಿಗೆ ತಿಳಿಯುತ್ತಿರಲಿಲ್ಲ.

ಈ ಹಲಗೆಗಳನ್ನೆಲ್ಲ ಬರೆಯುತ್ತಿದ್ದಾಕೆ ವಾರಿಜಾಕ್ಷಮ್ಮ. ಒಂದು ಹಲಗೆಗೆ ನಾಲ್ಕು ಸಾಲು. ಮೊದಲನೆಯದು ಹೆಸರು. ಎರಡನೆಯದು ಮಾಡಿದವರು ಯಾರು. ಮೂರನೆಯದು ಎಲ್ಲಿಂದ ಬಂತು. ನಾಲ್ಕನೆಯದು ‘ಮುಟ್ಟಬೇಡಿ.’ ಒಂದು ಒತ್ತಕ್ಷರ ಗೆರೆ ದಾಟಿದರೂ ಆಕೆ ಇಡೀ ಹಲಗೆಯನ್ನು ಒಲೆಗೆ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷ ಬರೆದಿದ್ದಳು. ಒಂದೂ ತಪ್ಪಿರಲಿಲ್ಲ.

ಆದರೆ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಊರಿಗೆಲ್ಲ ಆಕೆ ಹಲಗೆಯಮ್ಮ. ಗಂಡನಿದ್ದಾಗ ಅವನು ‘ಇವಳೇ’ ಎನ್ನುತ್ತಿದ್ದ. ಅವನು ಹೋಗಿ ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರ ಹಲಗೆ ‘ಕುರ್ಚಿ’. ಇನ್ನೊಂದರ ಹಲಗೆ ‘ಇನ್ನೊಂದು ಕುರ್ಚಿ. ಮುಟ್ಟಬೇಡಿ.’ ಒಂಬತ್ತು ವರ್ಷ ಯಾರೂ ಮುಟ್ಟಲಿಲ್ಲ. ಮುಟ್ಟುವುದಕ್ಕೆ ಯಾರೂ ಬರಲೂ ಇಲ್ಲ.

ಆ ಊರಿನ ವಸ್ತುಗಳಿಗೆ ಒಂದು ಗುಣವಿತ್ತು. ಸರಿಯಾದ ಹೆಸರು ಬರೆದೊಡನೆ ಅವು ತಮ್ಮ ಮನೆಗೆ ಹೊರಟುಬಿಡುತ್ತಿದ್ದವು. ದಾರಿ ತಪ್ಪಿದ ಚೊಂಬಿಗೆ ‘ಚೊಂಬು’ ಎಂದು ಬರೆದರೆ ಸಾಕು, ಅದು ಉರುಳಿಕೊಂಡು ಹೋಗಿ ತನ್ನ ಒಡತಿಯ ಬಾಗಿಲು ಬಡಿಯುತ್ತಿತ್ತು. ಇದನ್ನು ನೆನಪಿಡಿ. ಮತ್ತೆ ಹೇಳುವುದಿಲ್ಲ.

ಒಂದು ಸೋಮವಾರ ಬೆಳಗ್ಗೆ ಅರಮನೆಯ ಮುಂದಿನ ಕಟ್ಟೆಯ ಮೇಲೆ ಒಂದು ಪುಟ್ಟ ವಿಮಾನ ನಿಂತಿತ್ತು. ಯಾವುದೋ ದೂರದ ರಾಜ್ಯದಿಂದ ಬಂದ ಕಾಣಿಕೆ. ಜೊತೆಗೆ ಬಂದ ಪತ್ರವನ್ನು ಅದನ್ನು ತಂದ ಕುದುರೆಯೇ ತಿಂದಿತ್ತು. ವಿಮಾನಕ್ಕೆ ಹಳದಿ ಬಟ್ಟೆಯ ರೆಕ್ಕೆಗಳು. ಮುಂದೆ ಎರಡು ಚಕ್ರ, ಬಾಲದಡಿ ಒಂದು ಪುಟ್ಟ ಚಕ್ರ. ಮೂಗಿನ ತುದಿಗೆ ಮರದ ಪಂಖ. ಕೂರಲು ಒಂದೇ ಆಸನ. ಊರಿಗೆ ಊರೇ ಬಂದು ಸುತ್ತ ನಿಂತಿತು.

“ಯಾವ ವಿಮಾನ ಇದು?” ಎಂದ ಅರಸ.

ಮಂತ್ರಿ ಅರಮನೆಯ ವಿಮಾನದ ಪುಸ್ತಕ ತೆರೆದ. ಅದರಲ್ಲಿ ನಾನ್ನೂರ ಹನ್ನೆರಡು ವಿಮಾನಗಳ ಚಿತ್ರಗಳಿದ್ದವು. ಇದು ಮಾತ್ರ ಇರಲಿಲ್ಲ.

“ಬರೀ ವಿಮಾನ ಅಂತ ಬರೆದುಬಿಟ್ಟರೆ ಆಗದೇ, ಪ್ರಭು?” ಎಂದ ಮಂತ್ರಿ.

“ನಿನ್ನನ್ನು ಬರೀ ಮನುಷ್ಯ ಅಂತ ಕರೆದರೆ ಸಂಬಳ ಯಾರಿಗೆ ಕೊಡಲಿ?” ಎಂದ ಅರಸ. “ಶನಿವಾರ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಇದರ ಗುರುತು ಸಿಗಬೇಕು. ಗುರುತಿಲ್ಲದ್ದು ಇಲ್ಲದ್ದೇ. ಇಲ್ಲದ್ದನ್ನು ಕೊಡಲಿಯಿಂದ ಒಡೆದು ಇಲ್ಲವಾಗಿಸಿ.”

ವಾರಿಜಾಕ್ಷಮ್ಮ ಅಳತೆಯ ಟೇಪು, ನೋಟ್‌ಬುಕ್ಕು ಹಿಡಿದು ಕಟ್ಟೆ ಹತ್ತಿದಳು.

“ಹೆಸರು?” ಎಂದಳು.

“ಗೊತ್ತಿಲ್ಲ ಅಮ್ಮಾ” ಎಂದಿತು ವಿಮಾನ.

“ನೆಟ್ಟಗೆ ನಿಂತು ಹೇಳು.”

“ಬಾಲದ ಚಕ್ರ ಚಿಕ್ಕದು ಅಮ್ಮಾ. ನೆಟ್ಟಗೆ ನಿಲ್ಲೋದಕ್ಕೆ ಆಗಲ್ಲ. ಮೂಗು ಮೇಲೇ ಇರುತ್ತೆ.”

“ಮಾಡಿದವರು?”

“ಇಬ್ಬರಿದ್ದರು. ಕಣ್ಣು ಬಿಟ್ಟಾಗ ಒಗ್ಗರಣೆ ವಾಸನೆ ಬರುತ್ತಿತ್ತು.”

ನೋಟ್‌ಬುಕ್ಕಿನಲ್ಲಿ ವಾಸನೆಗೆ ಅಂಕಣವಿರಲಿಲ್ಲ. ವಾರಿಜಾಕ್ಷಮ್ಮ ಬರೆದುಕೊಳ್ಳಲಿಲ್ಲ. ಉದ್ದ ಅಳೆದಳು. ಅಗಲ ಅಳೆದಳು. ಹೊರಡುವುದಕ್ಕೆಂದು ಟೇಪು ಸುತ್ತುತ್ತಿದ್ದಾಗ ವಿಮಾನ ಕೇಳಿತು:

“ಊಟ ಆಯಿತಾ ಅಮ್ಮಾ?”

ಟೇಪು ಆಕೆಯ ಕೈಯಿಂದ ಜಾರಿ ಪೂರ್ತಿ ಬಿಚ್ಚಿಕೊಂಡಿತು. ಒಂಬತ್ತು ವರ್ಷದಿಂದ ಆ ಮಾತನ್ನು ಆಕೆಯ ಬಳಿ ಯಾರೂ ಕೇಳಿರಲಿಲ್ಲ.

“ಪರೀಕ್ಷೆಯ ಹೊತ್ತಿನಲ್ಲಿ ಹರಟೆ ಬೇಡ” ಎಂದಳು. ಆದರೆ ಮರುದಿನ ಬುತ್ತಿ ಕಟ್ಟಿಕೊಂಡು ಬಂದು ಹಳದಿ ರೆಕ್ಕೆಯ ನೆರಳಿನಲ್ಲೇ ಕುಳಿತು ಉಂಡಳು.

ಗುರುತು ಬಲ್ಲವರು ಬರಲೆಂದು ಅರಸ ಡಂಗುರ ಹೊಡೆಸಿದ್ದ. ಮಂಗಳವಾರ ಸೈಕಲ್ ಶಾಪಿನ ಬುಡನ್ ಸಾಹೇಬ ಬಂದ. ಸುತ್ತ ಒಂದು ಸಲ ತಿರುಗಿದ.

“ಅಯ್ಯೋ ಹಲಗೆಯಮ್ಮಾ, ಇಷ್ಟೇನಾ? ಇದು ಸೈಕಲ್ ಚಕ್ರ. ಕಡ್ಡಿ ಎಣಿಸಿ, ಮೂವತ್ತಾರು ಇಲ್ಲದಿದ್ದರೆ ನನ್ನ ಗಡ್ಡ ಬೋಳಿಸಿ.”

ಕಡ್ಡಿ ಮೂವತ್ತಾರೇ ಇದ್ದವು. ಸರಿಯಾದದ್ದನ್ನು ಸರಿ ಎನ್ನದೆ ವಾರಿಜಾಕ್ಷಮ್ಮನಿಗೆ ಬೇರೆ ದಾರಿಯಿರಲಿಲ್ಲ. ‘ಸೈಕಲ್ ಚಕ್ರ’ ಎಂದು ಬರೆದಳು. ಬರೆದದ್ದೇ ತಡ, ಚಕ್ರಗಳು ಕಳಚಿಕೊಂಡು ಉರುಳುತ್ತಾ ಶಾಪಿನ ಕಡೆ ಹೋದವು. ವಿಮಾನ ಹೊಟ್ಟೆಯ ಮೇಲೆ ಕುಳಿತಿತು.

ಬುಧವಾರ ದರ್ಜಿ ತುಕ್ಕೋಜಿ ಬಂದ. ರೆಕ್ಕೆಯ ಅಂಚನ್ನು ಕನ್ನಡಕಕ್ಕೆ ತಾಗಿಸಿಕೊಂಡ.

“ಸೀರೆ ಕಣ್ರೀ! ಫಾಲ್ ಹೊಲಿದ ಗುರುತು ಇನ್ನೂ ಇದೆ. ಯಾವ ಪುಣ್ಯಾತ್ಗಿತ್ತಿ ಉಡೋ ಸೀರೆ ಬಿಚ್ಚಿ ರೆಕ್ಕೆಗೆ ಕೊಟ್ಟಳೋ.”

ಸೀರೆಯೆಂಬುದು ನಿಜ. ಆಕೆ ‘ಸೀರೆ’ ಎಂದು ಬರೆದಳು. ಸೀರೆ ನೆರಿಗೆ ಹಿಡಿದುಕೊಂಡು ಬೀದಿಯಲ್ಲಿ ನಡೆದುಹೋಯಿತು. ಗುರುವಾರ ಅರಮನೆಯ ಅಡುಗೆಯ ಹೊನ್ನಾಜಮ್ಮ ಬಂದು, ವಿಮಾನ ತಿರುಗಿಸುವ ಕೋಲನ್ನು ನೋಡಿ, “ಇದು ಲಟ್ಟಣಿಗೆ. ಹಿಡಿ ಸವೆದಿರೋದು ನೋಡಿ, ಎಷ್ಟು ಚಪಾತಿ ಲಟ್ಟಿಸಿದೆಯೋ ಪಾಪ” ಎಂದಳು. ಲಟ್ಟಣಿಗೆಯೂ ಹೋಯಿತು. ಅದೇ ಸಂಜೆ ಎಂಜಿನ್ನು ನೀರೆತ್ತುವ ಪಂಪಿನದೆಂದು ಸಾಬೀತಾಗಿ, ಅದೂ ಕೆಮ್ಮುತ್ತಾ ಹೊರಟಿತು.

ವಾರಿಜಾಕ್ಷಮ್ಮ ಸರಿಯಾಗಿ ಬರೆದಷ್ಟೂ ವಿಮಾನ ಕಡಿಮೆಯಾಯಿತು. ಕಡಿಮೆಯಾದಷ್ಟೂ ಅದರ ದನಿ ಸಣ್ಣದಾಯಿತು. ಆದರೂ ದಿನವೂ ಮಧ್ಯಾಹ್ನ ಅದು ಕೇಳುತ್ತಿತ್ತು, “ಊಟ ಆಯಿತಾ ಅಮ್ಮಾ?” ರೆಕ್ಕೆಯಿಲ್ಲದ್ದರಿಂದ ನೆರಳಿರಲಿಲ್ಲ. ಆಕೆ ಬಿಸಿಲಿನಲ್ಲೇ ಕುಳಿತು ಉಂಡಳು.

ಶುಕ್ರವಾರ ಬಡಗಿ ಕಾಳಾಚಾರಿ ಬಂದು ಪಂಖವನ್ನು ಉಗುರಿನಿಂದ ಕೆರೆದ.

“ಇದು ಹೊಸ್ತಿಲು ತಾಯಿ. ಅರಿಶಿನ ಕುಂಕುಮ ಒಳಗೆ ಇಂಗಿಹೋಗಿದೆ. ದಿನಾ ಪೂಜೆ ಕಂಡ ಮರ.”

ಆಕೆ ‘ಹೊಸ್ತಿಲು’ ಎಂದು ಬರೆದಳು. ಹೊಸ್ತಿಲು ಕದಲಲಿಲ್ಲ.

“ಹೋಗು” ಎಂದಳು.

“ಎಲ್ಲಿಗೆ?” ಎಂದಿತು ಹೊಸ್ತಿಲು. “ಬಾಗಿಲು ಇದ್ದಲ್ಲಿ ಈಗ ಗೋಡೆಯೇ ಇಲ್ಲ.”

ಇನ್ನು ಉಳಿದದ್ದು ಹೊಸ್ತಿಲು, ಒಂದು ಮರದ ಗೂಡು, ಅದರೊಳಗಿನ ಆಸನ. ಕಾಳಾಚಾರಿ ಆಸನದ ಕಡೆ ಬಗ್ಗಿದ. ವಾರಿಜಾಕ್ಷಮ್ಮ ಅಡ್ಡ ನಿಂತಳು. ಅದೇನೆಂದು ಆಕೆಗೆ ಸೋಮವಾರವೇ ಗೊತ್ತಿತ್ತು. ಅದು ಕಾಲು ಕತ್ತರಿಸಿದ ಕುರ್ಚಿ. ಯಾರದೋ ಮನೆಯ ಇನ್ನೊಂದು ಕುರ್ಚಿ. ಒಬ್ಬರೇ ಬಹಳ ಕಾಲ ಕುಳಿತ ತಗ್ಗು ಅದರ ಮೆತ್ತೆಯಲ್ಲಿತ್ತು. ಅಂಥದೇ ತಗ್ಗು ತನ್ನ ಮನೆಯಲ್ಲೂ ಇತ್ತು.

“ಇದೇನು ತಾಯಿ?” ಎಂದ ಕಾಳಾಚಾರಿ.

“ತಿಳಿಯದು” ಎಂದಳು ವಾರಿಜಾಕ್ಷಮ್ಮ. ಇಪ್ಪತ್ತಾರು ವರ್ಷದಲ್ಲಿ ಆಕೆ ಹೇಳಿದ ಮೊದಲ ಸುಳ್ಳು. ಕಿವಿಯ ತುದಿ ಕೆಂಪಾಯಿತು.

ಶನಿವಾರ ಬಂತು. ಕೊಡಲಿ ಬಂತು. ಅರಸ ಬಂದ. ಊರು ಬಂತು. ಗಂಟೆ ಹೊಡೆಯಲು ಸ್ವಲ್ಪವೇ ಹೊತ್ತು ಉಳಿದಿತ್ತು.

“ಊಟ...” ಎಂದಿತು ವಿಮಾನ. ಮುಂದಿನದನ್ನು ಹೇಳಲು ಅದಕ್ಕೆ ಶಕ್ತಿಯಿರಲಿಲ್ಲ.

ಆಗ ವಾರಿಜಾಕ್ಷಮ್ಮ ನೋಟ್‌ಬುಕ್ಕು ಮುಚ್ಚಿ, ಅದರಲ್ಲಿ ಬರೆದುಕೊಳ್ಳದೆ ಬಿಟ್ಟದ್ದನ್ನು ಯೋಚಿಸಿದಳು. ಒಗ್ಗರಣೆಯ ವಾಸನೆ. ಉಡುವ ಸೀರೆ. ಸವೆದ ಲಟ್ಟಣಿಗೆ. ಹೊಸ್ತಿಲು ಪಂಖವಾಗಬೇಕಾದರೆ ಅದನ್ನು ಕೀಳಬೇಕು. ಹೊಸ್ತಿಲನ್ನು ಯಾರು ಕೀಳುತ್ತಾರೆ? ಮನೆಯೊಳಗೆ ಬೆಳೆದದ್ದು ಬಾಗಿಲಿನಲ್ಲಿ ಹಿಡಿಸದೆ ಹೋದಾಗ, ಗೋಡೆ ಒಡೆದು ಅದನ್ನು ಹೊರಗೆ ತರುವವರು.

“ಪ್ರಭು, ಗುರುತು ಸಿಕ್ಕಿತು” ಎಂದಳು. “ಇದು ಪುಸ್ತಕದಲ್ಲಿ ಇರುವುದಿಲ್ಲ. ಇದು ಮನೆಯಲ್ಲಿ ಮಾಡಿದ್ದು.”

“ಹಪ್ಪಳ ಮನೆಯಲ್ಲಿ ಮಾಡುತ್ತಾರೆ. ವಿಮಾನ ಮಾಡುತ್ತಾರೆಯೇ?” ಎಂದ ಅರಸ.

“ಹಪ್ಪಳ ಒತ್ತುವುದಕ್ಕೆ ಜನ ಬೇಕು. ಇದಕ್ಕೆ ಇಬ್ಬರು ಸಾಕಾಗಿದ್ದಾರೆ.”

“ಇಂಥವು ಎಷ್ಟಿವೆ?”

“ಇದೊಂದೇ.”

“ಒಂದೇ ಇದ್ದರೆ ಹೆಸರು ಯಾಕೆ ಬೇಕು?”

“ಬೇಕು ಪ್ರಭು” ಎಂದಳು ವಾರಿಜಾಕ್ಷಮ್ಮ. “ಒಂದೇ ಇರುವುದಕ್ಕೇ ಬೇಕು. ಇಲ್ಲದಿದ್ದರೆ ಅದು ಇದೆಯೆಂದು ಅದಕ್ಕೇ ಮರೆತುಹೋಗುತ್ತದೆ.”

ಈ ಮಾತಿಗೆ ಅರಸ ಸೀನಿದ. ಮೂಗಿನ ಹಲಗೆ ಹಾರಿತು. ಮಂತ್ರಿ ಅದನ್ನು ಹುಡುಕುವಷ್ಟರಲ್ಲಿ ಆಕೆ ಬರೆದು ಮುಗಿಸಿದ್ದಳು.

‘ಮನೆಯಲ್ಲಿ ಮಾಡಿದ ವಿಮಾನ.
ಮಾಡಿದವರು ಇಬ್ಬರು.
ಬಂದದ್ದು ಒಡೆದ ಗೋಡೆಯಿಂದ.’

ನಾಲ್ಕನೆಯ ಸಾಲನ್ನು ಖಾಲಿ ಬಿಟ್ಟಳು.

ಗಂಟೆ ಹೊಡೆಯಿತು. ಬೀದಿಯ ತುದಿಯಿಂದ ಚಕ್ರಗಳು ಉರುಳಿ ಬಂದವು. ಸೀರೆ ನೆರಿಗೆ ಬಿಚ್ಚಿಕೊಂಡು ಬಂತು. ಲಟ್ಟಣಿಗೆ ಅರ್ಧ ಚಪಾತಿ ಅಂಟಿಸಿಕೊಂಡೇ ಬಂತು. ಎಂಜಿನ್ನು ಕೆಮ್ಮುತ್ತಾ ಬಂತು. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಊರು ಚಪ್ಪಾಳೆ ತಟ್ಟಿತು. ವಾರಿಜಾಕ್ಷಮ್ಮ ತಟ್ಟಲಿಲ್ಲ. ಸರಿಯಾದ ಹೆಸರು ಬರೆದರೆ ಏನಾಗುತ್ತದೆಂದು ಆಕೆಗೆ ಬರೆಯುವ ಮೊದಲೇ ಗೊತ್ತಿತ್ತು.

ಪಂಖ ಮೆಲ್ಲಗೆ ತಿರುಗತೊಡಗಿತು.

“ಅಮ್ಮಾ, ನಾನು ಮನೆಗೆ ಹೋಗಬೇಕು” ಎಂದಿತು ವಿಮಾನ. “ನಿಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದೆ. ಆದರೆ ಆಸನ ಒಂದೇ. ಅದೂ ನನ್ನನ್ನು ಮಾಡಿದವರದು.”

“ಗೊತ್ತು. ಅಳೆದಿದ್ದೇನೆ.”

“ನಿಮ್ಮ ಹೆಸರೇನಮ್ಮಾ?”

ಆಕೆ ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವವಳಂತೆ ನೆಟ್ಟಗೆ ನಿಂತು ಹೇಳಿದಳು, “ವಾರಿಜಾಕ್ಷಿ.”

ವಿಮಾನ ಕಟ್ಟೆಯಿಂದ ಇಳಿದು ಓಡಿತು. ಎರಡು ಸಲ ಪುಟಿಯಿತು. ಮೂರನೆಯ ಸಲ ಕೆಳಗೆ ಬರಲಿಲ್ಲ. ಬೇವಿನ ಮರದಷ್ಟು ಎತ್ತರಕ್ಕೆ ಹೋಗಿ ಒಮ್ಮೆ ಕೂಗಿತು:

“ವಾರಿಜಾಕ್ಷೀ, ಊಟ ಆಯಿತಾ?”

“ಇನ್ನೂ ಇಲ್ಲ” ಎಂದಳು ಆಕೆ, ಯಾರಿಗೂ ಕೇಳಿಸದ ಹಾಗೆ.

ಸರಿಯಾದ ಹೆಸರು ಕೇಳಿದ್ದು ಮನೆಗೆ ಹೋಗಲೇಬೇಕಲ್ಲವೇ? ಆಕೆಯ ಕಾಲುಗಳು ತಾವಾಗಿಯೇ ಮನೆಯ ಕಡೆ ನಡೆದವು. ಬಾಗಿಲು ತೆರೆದಳು. ಒದ್ದೆ ಬಟ್ಟೆ ತಂದು, ಇನ್ನೊಂದು ಕುರ್ಚಿಯ ಹಲಗೆಯಿಂದ ‘ಮುಟ್ಟಬೇಡಿ’ ಎಂಬುದನ್ನು ಒರೆಸಿದಳು. ಬಣ್ಣ ಹಳೆಯದು, ಪೂರ್ತಿ ಹೋಗಲಿಲ್ಲ. ಆಮೇಲೆ ಅನ್ನ ಬಡಿಸಿಕೊಂಡು ಬಂದು ಆ ಕುರ್ಚಿಯಲ್ಲೇ ಕುಳಿತಳು. ತಗ್ಗು ಆಕೆಗೆ ಸ್ವಲ್ಪ ದೊಡ್ಡದಾಯಿತು.

ಈ ಕತೆಯ ನೀತಿ: ವಿಮಾನವನ್ನು ಗುರುತಿಸುವ ಮೊದಲು ಅದಕ್ಕೆ ಎಷ್ಟು ಆಸನವೆಂದು ಎಣಿಸಿಕೊಳ್ಳಿ. ಕತೆ ಇಲ್ಲಿಗೆ ಮುಗಿಯಿತು. ಹಲಗೆ ಇನ್ನೂ ಒದ್ದೆಯಿದೆ. ಅದು ಒಣಗುವುದರೊಳಗೆ ಎದ್ದು ಹೋಗಿ ಊಟ ಮಾಡಿ.