ಸೂರ್ಯನ ಕಣಗಳೂ ತಂಬೂರಿ ಕೆಂಚಯ್ಯನೂ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಚಂದ್ರಲಾದೇವಿಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುವುದು. ತಪ್ಪಿದವರ ತಲೆ ಹೋಗುವುದು!"

ಡಂಗುರ ಕೇಳಿ, ತಂಬೂರಿಗೆ ತಂತಿ ಕಟ್ಟಿ ಬದುಕುತ್ತಿದ್ದ ಕೆಂಚಯ್ಯ ಎದ್ದುನಿಂತ. ಅನಾಥನಾದ ಅವನಿಗೆ ಅಕ್ಷರ ಕಲಿಸಿದ ನಾಗದೇವ ಜೋಯಿಸರು ಸೆರೆಯಲ್ಲಿದ್ದರು. ಸೂರ್ಯನಿಂದ ನ್ಯೂಟ್ರಿನೊ ಎಂಬ ಕಣಗಳು ಇಷ್ಟು ಬರಬೇಕೆಂದು ಅವರು ಗುಣಿಸಿ ಹೇಳಿದ್ದರು. ಗಣಿಯ ತಳದಲ್ಲಿ ಅವನ್ನು ಹಿಡಿಯುವ ತೊಟ್ಟಿಯಿಟ್ಟು ನೋಡಿದರೆ ಸಿಕ್ಕಿದ್ದು ಮೂರರಲ್ಲೊಂದು ಪಾಲು. ಸುಳ್ಳುಗಾರನೆಂದು ರಾಜ ಬೇಡಿ ತೊಡಿಸಿದ್ದ.

ಕೆಂಚಯ್ಯ ತಂಬೂರಿ ಹೊತ್ತು ಹೋಗುವಷ್ಟರಲ್ಲಿ ಆಸ್ಥಾನ ತುಂಬಿತ್ತು.

"ಸೂರ್ಯನ ಒಡಲಲ್ಲಿ ಹುಟ್ಟಿ, ನಮ್ಮ ಮೈಯನ್ನೂ ಬೆಟ್ಟವನ್ನೂ ಹಾದುಹೋಗುತ್ತದೆ. ಹಾದದ್ದು ಯಾರಿಗೂ ತಿಳಿಯದು. ಅದೇನು?" ರಾಜಕುಮಾರಿ ಕೇಳಿದಳು.

"ಬಿಸಿಲು," ಎಂದ ಒಬ್ಬ ರಾಜಕುಮಾರ.

"ಬಿಸಿಲು ಬೆಟ್ಟ ದಾಟೀತೆ?" ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಎರಡನೆಯ ರಾಜಕುಮಾರ "ನ್ಯೂಟ್ರಿನೊ" ಎಂದು ಮೊದಲ ಒಗಟು ಗೆದ್ದ.

"ಮೂರು ಹೊರಟವು, ತೊಟ್ಟಿಗೆ ಸಿಕ್ಕಿದ್ದು ಒಂದು. ಉಳಿದೆರಡು ಏನಾದವು?" ರಾಜಕುಮಾರಿ ಎರಡನೆಯದು ಕೇಳಿದಳು.

"ದಾರಿಯಲ್ಲೇ ಸತ್ತವು." ಅವನನ್ನೂ ಒಯ್ದರು.

ಕೆಂಚಯ್ಯ ಗುಂಪಿನಿಂದ ಎದ್ದ. ಜೋಯಿಸರನ್ನು ನೆನೆದು ಮುಂದೆ ಬಂದ. "ಮೊದಲನೆಯದು ನ್ಯೂಟ್ರಿನೊ, ತಾಯಿ. ಉಳಿದೆರಡು ಸತ್ತಿಲ್ಲ. ನ್ಯೂಟ್ರಿನೊದಲ್ಲಿ ಮೂರು ಜಾತಿ. ಹೊರಟದ್ದು ಒಂದೇ ಜಾತಿ. ಬರುತ್ತ ಬರುತ್ತ ಬೇರೆ ಜಾತಿಗಳಾದವು. ನಮ್ಮ ತೊಟ್ಟಿಗೆ ಹಿಡಿಯಲು ಬಂದದ್ದು ಮೊದಲಿನದನ್ನು ಮಾತ್ರ."

ರಾಜಕುಮಾರಿ ಮೂರನೆಯದು ಕೇಳಿದಳು. "ಬದಲಾಯಿತೆಂದರೆ ಅದರ ಬಗ್ಗೆ ಏನು ತಿಳಿಯಿತು?"

ಕೆಂಚಯ್ಯ ತಂಬೂರಿಯ ಎರಡು ತಂತಿಗಳನ್ನು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಮೀಟಿದ. ಯಾರೂ ಮುಟ್ಟದೆಯೇ ನಾದ ಉಬ್ಬಿತು, ಕುಗ್ಗಿತು, ಮತ್ತೆ ಉಬ್ಬಿತು.

"ಎರಡೂ ಸರಿಸಮವಿದ್ದರೆ ಈ ಏರಿಳಿತ ಇಲ್ಲ. ಒಂದೊಂದು ನ್ಯೂಟ್ರಿನೊದಲ್ಲೂ ಮೂರು ಅಲೆ ಬೆರೆತಿವೆ. ಅವುಗಳ ತೂಕ ಬೇರೆಬೇರೆ, ಹಾಗಾಗಿ ನಡೆಯೂ ಬೇರೆ. ದೂರ ಸಾಗಿದಂತೆ ಬೆರಕೆ ಬದಲಾಗಿ ಜಾತಿ ಬದಲಾಗುತ್ತದೆ. ತೂಕವೇ ಇಲ್ಲ ಅಂದುಕೊಂಡಿದ್ದೆವು. ಒಂದಿಷ್ಟಾದರೂ ಇದೆ, ತಾಯಿ."

ರಾಜಕುಮಾರಿ ತಂದೆಯತ್ತ ತಿರುಗಿದಳು. "ಮೂರೂ ಜಾತಿ ಹಿಡಿಯುವ ಹೊಸ ತೊಟ್ಟಿಯಿಟ್ಟು ಎಣಿಸಿದೆ, ಅಪ್ಪಾಜಿ. ಜೋಯಿಸರ ಎಣಿಕೆ ಸರಿಹೋಯಿತು. ನಾನೊಬ್ಬಳೇ ಹೇಳಿದರೆ ಸಾಲದು, ಇನ್ನೊಬ್ಬರೂ ಹಾಗೇ ಹೇಳಿದರೆ ನಂಬುತ್ತೇನೆ ಅಂದಿದ್ದಿರಿ."

ರಾಜ ತಲೆತಗ್ಗಿಸಿದ. "ಏನು ಬೇಕಪ್ಪಾ, ಕೇಳು."

"ಜೋಯಿಸರನ್ನು ಬಿಡಿ, ಪ್ರಭು. ಆ ರಾಜಕುಮಾರರನ್ನೂ."

ರಾಜ ಆ ರಾಜಕುಮಾರರನ್ನು ಬಿಡಿಸಿ, ತಾನೇ ಹೋಗಿ ಜೋಯಿಸರ ಬೇಡಿ ಕಳಚಿದ. ಕೆಂಚಯ್ಯನನ್ನು ಗಣಿಯ ತೊಟ್ಟಿಗಳ ಮೇಲ್ವಿಚಾರಕನನ್ನಾಗಿ ಮಾಡಿದ. ಮುದುಕ ಜೋಯಿಸರು ಹೊರಗೆ ಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿ, ಕೆಂಚಯ್ಯನಿಗೆ ಕೈಮುಗಿಯಹೋದರು. ಅವನು ಆ ಕೈಗಳನ್ನು ಹಿಡಿದುಕೊಂಡ.

"ಬೇಡ, ಗುರುಗಳೇ. ನೀವು ಕಲಿಸದಿದ್ದರೆ ನಾನು ಇಲ್ಲಿ ಬಾಯಿ ಬಿಡುತ್ತಿದ್ದೆನೆ?" ಎಂದು ಅವರ ಕಾಲಿಗೆ ಬಿದ್ದ.