ಮೋನಪ್ಪನ ವಜ್ರದ ಸಾಣೆ

“ಗುರುಗಳೇ, ಡೊಂಕು ಜನರ ನಡುವೆ ನೆಟ್ಟಗೆ ಬದುಕುವುದು ಹೇಗೆ?”

ಕೇಳಿದವನು ಪರ್ವತಯ್ಯ. ಗುಡ್ಡದ ಮೇಲಿನ ಮಠದಲ್ಲಿ ಬಹಳ ಕಾಲದಿಂದ ಕಲಿಯುತ್ತಿದ್ದ ಶಿಷ್ಯ. ಕೆಳಗಿನ ಊರಿನವರಿಗೆ ಪಾಠ ಹೇಳಲೆಂದು ಗುರುಗಳು ಅವನನ್ನು ಕಳಿಸಿದ್ದರು. ಅವನು ಅವಧಿಗೆ ಮೊದಲೇ ಹಿಂದಿರುಗಿದ್ದ. ಆ ಊರಿನವರು ಪ್ರಾರ್ಥನೆ ಹಾಡುವ ರಾಗ ಸರಿಯಿಲ್ಲ, ಕೂರುವ ರೀತಿ ಸರಿಯಿಲ್ಲ, ಪ್ರಶ್ನೆ ಕೇಳುವ ಕ್ರಮವೂ ಸರಿಯಿಲ್ಲ ಎಂದು ಹೇಳಿದ. “ಇಲ್ಲಿ ನಾವೆಲ್ಲ ಒಂದೇ ತೆರನಾಗಿ ಇದ್ದೇವೆ. ಯಾರಿಗೆ ಯಾರೂ ತಪ್ಪಾಗಿ ಕಾಣುವುದಿಲ್ಲ. ಅಲ್ಲಿ ನೋಡಿದರೆ ಎಲ್ಲರೂ ಡೊಂಕು,” ಎಂದ.

ಗುರುಗಳು ಹೂಂಗುಟ್ಟಿದರು. ಪಕ್ಕಕ್ಕೆ ಸರಿದು ಅವನಿಗೆ ಚಾಪೆಯಲ್ಲಿ ಜಾಗ ಮಾಡಿಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಿಗ ಇದ್ದ. ಹೆಸರು ಮೋನಪ್ಪ. ಹಾರ್ಮೋನಿಯಂ ಮಾಡುವುದು ಅವನ ಮನೆತನದ ಕೆಲಸ. ಆ ಕಡೆಯವರು ಅದನ್ನು ಪೇಟಿ ಎನ್ನುತ್ತಾರೆ. ಮೋನಪ್ಪನೂ ಅವನ ತಮ್ಮ ದೇವೇಂದ್ರನೂ ಒಂದೇ ಪಡಸಾಲೆಯಲ್ಲಿ ಕುಳಿತು, ಒಂದೇ ಸಾಣೆಕಲ್ಲಿನ ಮೇಲೆ ಉಳಿ ಮತ್ತು ಮರ ಹೆರೆಯುವ ಕೀಸುಳಿಯ ಅಲಗು ಮಸೆದು ಕೆಲಸ ಮಾಡುತ್ತಿದ್ದರು. ಕಲ್ಲು ಅಜ್ಜನ ಕಾಲದ್ದು. ಬೆಣ್ಣೆಯಷ್ಟು ನುಣುಪು. ಹಬ್ಬದಲ್ಲಿ ಮೊದಲ ಕುಂಕುಮ ಅದಕ್ಕೇ ಬೀಳುತ್ತಿತ್ತು.

ಮೋನಪ್ಪನ ಪೇಟಿಗೆ ಒಳ್ಳೆಯ ಹೆಸರಿತ್ತು. ಆದರೆ ಈಚೆಗೆ ಮಾಡಿದ ಪೇಟಿಗಳು ಒಂದೊಂದಾಗಿ ವಾಪಸು ಬರತೊಡಗಿದವು. ಕೊನೆಗೆ ಅಂಬುಜಾಬಾಯಿಯೂ ಬಂದರು. ಅವರು ಊರಿನ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುವವರು, ಮೋನಪ್ಪನ ಅಪ್ಪನ ಕಾಲದಿಂದ ಆ ಮನೆಯ ಪೇಟಿ ಬಿಟ್ಟು ಬೇರೆ ಮುಟ್ಟದವರು.

“ದನಿ ಚಲೋ ಐತಿ ಮೋನಪ್ಪ. ಆದ್ರ ಇದಕ್ಕ ಉಸಿರಿಲ್ಲ. ನಾ ಒಂದು ಸಾಲು ಮುಗಸೋದ್ರಾಗ ಇದು ಬಿಕ್ಕಳಸ್ತೈತಿ. ಸರಿ ಮಾಡಿ ಕೊಡು. ಆಗ್ಲಿಲ್ಲ ಅಂದ್ರ ಹೇಳಿಬಿಡು, ನಾ ಬ್ಯಾರೆ ಕಡೆ ನೋಡ್ಕೋತೀನಿ.”

ಮೋನಪ್ಪ ಗಾಳಿ ಊದುವ ತಿದಿ ಬಿಚ್ಚಿ ನೋಡಿದ. ಚರ್ಮ ಗಟ್ಟಿಯಾಗಿತ್ತು. ಹಲಗೆಗಳ ಕೂಡು ನೋಡಿದ. ಕೂದಲೂ ಹೋಗದಂತೆ ಮುಚ್ಚಿತ್ತು. ಆದರೂ ಗಾಳಿ ಎಲ್ಲೋ ಸೋರುತ್ತಿತ್ತು. ಅವನು ಮೊದಲು ಮರವನ್ನು ಬೈದ. ಆಮೇಲೆ ಅಂಟನ್ನು ಬೈದ. ಬೈಯಲು ಬೇರೇನೂ ಉಳಿಯದಿದ್ದಾಗ ತಮ್ಮನನ್ನು ಬೈದ.

“ಹಲಗಿ ಕೂಡಿಸಿದಾಂವ ನೀನು. ಮತ್ತ ಉಸಿರು ಹೋಗೋದು ಎಲ್ಲಿಂದ?”

“ಅರ್ಧ ಹಲಗಿ ನೀನೂ ಕೂಡಿಸಿಯಲ್ಲ? ನಿನ್ನ ಕೈ ಅಷ್ಟ ದೇವರ ಕೈ ಏನು?” ಎಂದ ದೇವೇಂದ್ರ.

ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ದೇವೇಂದ್ರ ತನ್ನ ಉಳಿಗಳನ್ನು ಬೇರೆ ಪೆಟ್ಟಿಗೆಯಲ್ಲಿ ಇಡತೊಡಗಿದ. ಬೇರೆ ಓಣಿಯಲ್ಲಿ ಜಾಗ ನೋಡುತ್ತಿದ್ದಾನೆ ಎಂದು ಅವರಿವರು ಮೋನಪ್ಪನಿಗೆ ಹೇಳಿದರು. ಮೋನಪ್ಪ ಕೇಳಿಯೂ ಕೇಳದವನಂತೆ ಇದ್ದ. ಆದರೆ ಊಟಕ್ಕೆ ಕುಳಿತಾಗ ರೊಟ್ಟಿ ಮುರಿದು ಹಾಗೇ ಬಿಟ್ಟು ಏಳುತ್ತಿದ್ದ. ತಮ್ಮನ ಕೈಗೆ ಮೊದಲ ಉಳಿ ಕೊಟ್ಟವನು ಅವನೇ ಆಗಿದ್ದ.

ಕಡೆಗೆ ಅವನಿಗೆ ಒಂದು ವಿಚಾರ ಬಂತು. ಅಲಗುಗಳಿಗೆ ಇನ್ನೂ ನುಣುಪಾದ ಧಾರೆ ಬೇಕೇನೋ. ವಜ್ರದ ಪುಡಿ ಕೂರಿಸಿದ ಉಕ್ಕಿನ ಪಟ್ಟಿಗಳು ಈಗ ಬಂದಿವೆ, ಅವುಗಳ ಮೇಲೆ ಮಸೆದರೆ ಧಾರೆ ಬೇಗ ಬರುತ್ತದೆ ಎಂದು ಯಾರೋ ಹೇಳಿದ್ದರು. ಅಂಥದೊಂದನ್ನು ತರಲು ಹುಬ್ಬಳ್ಳಿಗೆ ಹೊರಟ. ಅಜ್ಜನ ಕಲ್ಲನ್ನೂ ಪಂಚೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡ. ಅದಕ್ಕಿಂತ ಒಂದು ಕೈ ಮೇಲಾದದ್ದನ್ನೇ ಆರಿಸಬೇಕು ಎಂಬುದು ಅವನ ಲೆಕ್ಕ.

ಮರಗೆಲಸದ ಸಲಕರಣೆ ಮಾರುವ ಹತ್ಯಾರದ ಅಂಗಡಿಯಲ್ಲಿ ಜುಬೇದಾ ಎಂಬ ಹೆಂಗಸು ಕುಳಿತಿದ್ದಳು. ಅಂಗಡಿ ಅವಳದೇ. ಅವಳು ಗಾಜಿನ ಕಟ್ಟೆಯ ಮೇಲೆ ಪಟ್ಟಿಗಳನ್ನು ಹರಡಿದಳು. ಮರಳಿನಂತೆ ಒರಟಾದದ್ದು, ಮಧ್ಯಮದ್ದು, ನುಣ್ಣಗಿನದು, ಮುಟ್ಟಿದರೆ ಏನೂ ತಾಗದಷ್ಟು ನುಣ್ಣಗಿನದು. ಯಾವುದು ಯಾವುದಕ್ಕೆಂದು ಹೇಳಿದಳು. “ಬಾಯಿ ಮುಕ್ಕಾದ ಉಳಿಗೆ ಒರಟು ಬೇಕ್ರಿ. ದಿನಾ ಮಸಿಯೋದಕ್ಕ ನಡುವಿಂದು. ಕಡೀಗೆ ನುಣ್ಣಂದು. ಹೊಸಾದು ಮೊದಲ ಸ್ವಲ್ಪ ಕಚ್ಚತೈತಿ, ಆಮೇಲೆ ಹದಕ್ಕ ಬರ್ತತಿ. ಒತ್ತಬ್ಯಾಡ್ರಿ. ಒತ್ತಿದ್ರ ವಜ್ರ ಕಿತ್ತು ಬರ್ತಾವ. ನೀರು ಹಾಕಿ ಹಗೂರ ಆಡಿಸ್ರಿ, ಅದು ತಾನ ಕೆಲಸ ಮಾಡ್ತತಿ.”

“ನನಗ ಎಲ್ಲಾಕಿಂತ ನುಣ್ಣಂದು ಕೊಡ್ರಿ,” ಎಂದ ಮೋನಪ್ಪ.

ಆದರೆ ಅವನು ಹುಷಾರಿನ ಮನುಷ್ಯ. ಯಾವ ಪದಾರ್ಥವನ್ನೂ ಪರೀಕ್ಷೆ ಮಾಡದೆ ಕೊಳ್ಳುವವನಲ್ಲ. ಚೀಲದಿಂದ ಅಜ್ಜನ ಕಲ್ಲು ತೆಗೆದ. ಅದರ ಮೇಲೆ ಪಟ್ಟಿಯನ್ನು ಮಗುಚಿ ಇಟ್ಟು, ಬಾಗಿಲ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಎರಡರ ನಡುವೆ ಬೆಳಕು ಕಂಡಿತು.

“ಇದು ಡೊಂಕ ಐತಿ,” ಎಂದ.

ಜುಬೇದಾ ಇನ್ನೊಂದು ಕೊಟ್ಟಳು. ಅದನ್ನೂ ಕಲ್ಲಿನ ಮೇಲಿಟ್ಟು ನೋಡಿದ. “ಇದೂ ಡೊಂಕ.” ಮಧ್ಯಮದ್ದನ್ನು ಕೊಟ್ಟಳು, ಒರಟಿನದನ್ನು ಕೊಟ್ಟಳು. ಎಲ್ಲವೂ ಡೊಂಕು. ಅವಳು ಉಕ್ಕಿನ ಅಡ್ಡಪಟ್ಟಿ ತೆಗೆದುಕೊಟ್ಟಳು. ನೆಟ್ಟಗಿದೆಯೇ ಎಂದು ಅಳೆಯಲೆಂದೇ ಮಾಡಿದ್ದು ಅದು. ಮೋನಪ್ಪ ಅದನ್ನೂ ಕಲ್ಲಿನ ಮೇಲಿಟ್ಟ. ನಡುವೆ ಅದೇ ಬೆಳಕು. ಅಂಗಡಿಗೆ ಬಂದಿದ್ದ ಗಿರಾಕಿಗಳು ತಮ್ಮ ಕೆಲಸ ಬಿಟ್ಟು ಅವನ ಸುತ್ತ ನಿಂತರು.

“ಏನ್ರಿ ಬಾಯಾರ, ನಿಮ್ಮ ಅಂಗಡ್ಯಾಗ ಒಂದೂ ನೆಟ್ಟಗಿಲ್ಲಲ್ಲ!”

“ಹೌದ್ರಿ? ಹಂಗಾದ್ರ ಈ ಗಾಜಿನ ಮ್ಯಾಲೆ ಇಟ್ಟು ನೋಡ್ರಿ,” ಎಂದಳು ಜುಬೇದಾ.

ಮೋನಪ್ಪ ಕಲ್ಲನ್ನು ಗಾಜಿನ ಕಟ್ಟೆಯ ಮೇಲೆ ಬೋರಲು ಹಾಕಿ ಬಗ್ಗಿ ನೋಡಿದ. ಕಲ್ಲಿನ ಎರಡು ತುದಿ ಗಾಜಿಗೆ ತಾಗಿದ್ದವು. ನಡುವೆ, ಇರುವೆ ಆರಾಮಾಗಿ ಹೋಗುವಷ್ಟು ಬೆಳಕು.

“ಈ ಗಾಜೂ ಡೊಂ...” ಎಂದವನು ಅಲ್ಲಿಗೇ ನಿಲ್ಲಿಸಿದ.

ಮೋನಪ್ಪ ಒಂದು ಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚಿ ನೋಡಿದ. ಬೆಳಕಿಲ್ಲ. ಪಟ್ಟಿಯನ್ನು ಗಾಜಿನ ಮೇಲಿಟ್ಟು ನೋಡಿದ. ಬೆಳಕಿಲ್ಲ. ಕಲ್ಲಿನ ಮೇಲೆ ಹೆಬ್ಬೆರಳು ಎಳೆದ. ಇಷ್ಟು ವರ್ಷ ಮಸೆದ ಕೈಗೆ ಗೊತ್ತಾಗದ ತಗ್ಗು ಈಗ ಬೆರಳಿಗೆ ಸಿಕ್ಕಿತು. ಮೊದಲು ಕಿವಿ ಬಿಸಿಯಾದವು. ಆಮೇಲೆ ನಗೆ ಬಂತು. ಕಟ್ಟೆ ಹಿಡಿದುಕೊಂಡು ನಕ್ಕ. ಜುಬೇದಾ ನಕ್ಕಳು, ಗಿರಾಕಿಗಳೂ ನಕ್ಕರು. ಯಾರೋ ಅವನಿಗೆ ಚಹಾ ತರಿಸಿದರು.

ನಗೆ ಇಳಿದ ಮೇಲೆ ಅವನಿಗೆ ಎಲ್ಲವೂ ತಿಳಿಯಿತು. ಕಲ್ಲಿನ ನಡುವೆ ತಗ್ಗು. ತಗ್ಗಿನಲ್ಲಿ ಮಸೆದ ಅಲಗಿಗೆ ನಡುವೆ ಉಬ್ಬು. ಉಬ್ಬಿದ ಅಲಗು ಕೀಸಿದ ಹಲಗೆಯ ಅಂಚಿಗೆ ಮತ್ತೆ ತಗ್ಗು. ಅಂಥ ಎರಡು ಅಂಚು ಕೂಡಿಸಿದರೆ ಹೊರಗೆ ಎರಡೂ ಬದಿ ಮುಚ್ಚಿಕೊಳ್ಳುತ್ತವೆ, ಒಳಗೆ ಪೊಳ್ಳು ಉಳಿಯುತ್ತದೆ. ಅಂಟಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಗಾಳಿ ಅಲ್ಲಿಂದಲೇ ಸೋರುತ್ತದೆ. ತಮ್ಮನದೂ ಅದೇ ಕಲ್ಲು, ಅದೇ ಉಬ್ಬು. ಅದಕ್ಕೇ ಒಬ್ಬರ ಹಲಗೆ ಇನ್ನೊಬ್ಬರ ಕಣ್ಣಿಗೆ ತಪ್ಪಾಗಿ ಕಂಡಿರಲೇ ಇಲ್ಲ.

“ನುಣ್ಣಂದು ಬ್ಯಾಡ್ರಿ. ಆ ಒರಟಿಂದ ಕೊಡ್ರಿ,” ಎಂದ.

“ಈಗ ಸರಿಯಾದ್ದು ಆರಿಸಿದ್ರಿ,” ಎಂದಳು ಜುಬೇದಾ. “ಕಲ್ಲಿನ ಮ್ಯಾಲೆ ಪೆನ್ಸಿಲ್ಲೀಲೆ ಗೆರಿ ಹಾಕ್ರಿ. ನೀರು ಹಾಕಿ ಈ ಪಟ್ಟಿ ತಿಕ್ರಿ. ಗೆರಿ ಎಲ್ಲಾ ಹೋಗಿ ಕಲ್ಲು ಸಮ ಆಗೋತನಾ ಬಿಡಬ್ಯಾಡ್ರಿ.”

ಮನೆಗೆ ಬಂದವನೇ ಮೋನಪ್ಪ ನೇರ ತಮ್ಮನ ಮುಂದೆ ಹೋಗಿ ಕುಳಿತ. ಕಲ್ಲನ್ನೂ ಹೊಸ ಪಟ್ಟಿಯನ್ನೂ ಕೈಗೆ ಕೊಟ್ಟ. ದೇವೇಂದ್ರ ಮುಖ ಗಂಟಿಕ್ಕಿಕೊಂಡೇ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದ.

“ಮೋಸ ಹೋಗಿ ಬಂದಿ ನೋಡು. ಈ ಪಟ್ಟಿ ಡೊಂಕ ಐತಿ.”

ಮೋನಪ್ಪ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಒರಗಿದ. ದೇವೇಂದ್ರ ರೇಗಿದ. “ನಗೂದೇನೈತಿ ಇದರಾಗ?” ಎಂದ. ಮೋನಪ್ಪ ನಗುತ್ತಲೇ ಗೋಡೆಯ ಕನ್ನಡಿಯನ್ನು ತೋರಿಸಿದ. ದೇವೇಂದ್ರ ಕನ್ನಡಿ ಇಳಿಸಿ ಮೊದಲು ಪಟ್ಟಿಯನ್ನು ಇಟ್ಟ, ಆಮೇಲೆ ಕಲ್ಲನ್ನು ಇಟ್ಟ. ಬಗ್ಗಿ ನೋಡಿದ. ಅವನ ಭುಜ ಅಲುಗತೊಡಗಿದವು. ಅಳುತ್ತಿದ್ದಾನೋ ಎಂದು ಮೋನಪ್ಪ ಹತ್ತಿರ ಸರಿದ. ಅಳುವೂ ಇತ್ತು, ನಗುವೂ ಇತ್ತು.

“ಅಜ್ಜನ ಕಲ್ಲು, ಅಣ್ಣ. ಇದನ್ನ ಸವಸೋದ?”

“ಸವಿಸಿದ್ದು ನಾವ, ಇಷ್ಟು ದಿನ. ಈಗ ಮಾಡೋದು ರಿಪೇರಿ.”

ಅಂಗಳದಲ್ಲಿ ಇಬ್ಬರೂ ಎದುರುಬದುರು ಕುಳಿತರು. ಒಬ್ಬ ನೀರು ಹಾಕಿದ, ಒಬ್ಬ ತಿಕ್ಕಿದ. ಕೈ ಸೋತಾಗ ಬದಲಾಯಿಸಿದರು. ಬೂದಿಬಣ್ಣದ ಕೆಸರು ಮೊಣಕೈವರೆಗೆ ಹರಿಯಿತು. ತುದಿಯ ಗೆರೆಗಳು ಬೇಗ ಹೋದವು. ನಡುವಿನ ಗೆರೆಗಳು ಹಟಹಿಡಿದು ಕುಳಿತವು. ಅವೂ ಹೋದಾಗ ದೇವೇಂದ್ರ ಹೋ ಎಂದು ಕೂಗಿದ. ಓಣಿಯವರು ಏನಾಯಿತೆಂದು ಇಣುಕಿ ನೋಡಿದರು. ಇಬ್ಬರು ಗಡ್ಡದ ಗಂಡಸರು ಕೆಸರು ಮೆತ್ತಿಕೊಂಡು ಒಬ್ಬರ ಬೆನ್ನು ಒಬ್ಬರು ಗುದ್ದುತ್ತಿದ್ದರು.

ಅಲಗುಗಳ ಉಬ್ಬನ್ನು ಒರಟು ಪಟ್ಟಿಯ ಮೇಲೆ ತೆಗೆದರು. ಕಡೆಯ ಧಾರೆ ಅಜ್ಜನ ಕಲ್ಲಿನ ಮೇಲೆಯೇ ಕೊಟ್ಟರು. ಅಂಬುಜಾಬಾಯಿಯ ಪೇಟಿ ಬಿಚ್ಚಿ, ಅಂಚುಗಳನ್ನು ಹೊಸದಾಗಿ ಕೀಸಿ, ಕೂಡಿಸಿದರು. ದೇವೇಂದ್ರನ ಉಳಿಗಳು ತಾವಾಗಿ ಹಳೆಯ ಪೆಟ್ಟಿಗೆಗೆ ಮರಳಿದ್ದವು.

ಅಂಬುಜಾಬಾಯಿ ಬಂದು ಪೇಟಿಯ ಮುಂದೆ ಕುಳಿತರು. ತಿದಿ ತುಂಬಿ, ಒಂದು ಸ್ವರದ ಮನೆ ಒತ್ತಿ, ತಿದಿಯಿಂದ ಕೈ ತೆಗೆದರು. ಸ್ವರ ಕಡಿಯಲಿಲ್ಲ. ಅವರು ಮೋನಪ್ಪನ ಕಡೆ ನೋಡಿದರು. ಸ್ವರ ಇನ್ನೂ ಮೊಳಗುತ್ತಲೇ ಇತ್ತು. ಕಣ್ಣು ಮುಚ್ಚಿ ಹಾಡಲು ಶುರು ಮಾಡಿದರು. ಒಲೆಯ ಮುಂದಿದ್ದ ಹೆಂಗಸರು ಬಂದು ಕುಳಿತರು. ಓಣಿಯವರು ಬಂದು ಕುಳಿತರು. ಆ ದಿನ ಆ ಮನೆಯಲ್ಲಿ ರೊಟ್ಟಿಗಳೆಲ್ಲ ಕರಕಲಾದವು. ಮೋನಪ್ಪನೂ ದೇವೇಂದ್ರನೂ ಅವನ್ನೇ ಮುರಿದು ಒಂದು ಚೂರೂ ಬಿಡದೆ ತಿಂದರು.

ಇಲ್ಲಿಗೆ ಗುರುಗಳು ನಿಲ್ಲಿಸಿದರು.

ಅಂಗಡಿಯ ಪ್ರಸಂಗ ಬಂದಾಗ ಪರ್ವತಯ್ಯ ಜೋರಾಗಿ ನಕ್ಕಿದ್ದ. ಕನ್ನಡಿಯ ಪ್ರಸಂಗಕ್ಕೆ ಇನ್ನೂ ಜೋರಾಗಿ ನಕ್ಕಿದ್ದ. ಈಗ ಅವನು ತಲೆ ತಗ್ಗಿಸಿದ. “ತಿಳಿಯಿತು ಗುರುಗಳೇ. ಊರಿನವರು ನೆಟ್ಟಗೇ ಇದ್ದಾರೆ. ಡೊಂಕು ನನ್ನದೇ. ನಾಳೆಯೇ ಹೋಗಿ ಅವರ ಕ್ಷಮೆ ಕೇಳುತ್ತೇನೆ,” ಎಂದ.

ಗುರುಗಳು ನಕ್ಕು ಅವನ ಭುಜದ ಮೇಲೆ ಕೈಯಿಟ್ಟರು.

“ಹೋಗು, ಆದರೆ ನನ್ನನ್ನೂ ಕರೆದುಕೊಂಡು ಹೋಗು ಪರ್ವತಯ್ಯ, ನೀನು ಇಷ್ಟು ವರ್ಷ ಮಸೆದದ್ದು ನನ್ನ ಮೇಲಲ್ಲವೇ?”