ಅಕ್ಕಡಿ ಸಾಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಮೂರು ತಾಲೂಕಿನಲ್ಲಿ ಇಂಥ ಮೀಸೆ ಇನ್ನೊಂದಿಲ್ಲ, ಆಣೆಯ ತೂಕ ನೀವೇ ಅಂದಾಜು ಮಾಡಿಕೊಳ್ಳಿ.

ಗುಡ್ಡದ ಬುಡದಲ್ಲಿ ಚನ್ನರಾಯ ತಾತ ಎಂಬ ಗುರು. ಆಶ್ರಮ ಅಂದರೆ ಒಂದು ಹೆಂಚಿನ ಮನೆ, ಒಂದು ಹಸು, ಒಂದೆಕರೆ ಹೊಲ, ಹೆಂಡತಿ ಹೊನ್ನಜ್ಜಿ. ಶಿಷ್ಯರು ಇಬ್ಬರೇ. ಮುಂಗಾರಿಗೆ ಬಂದವನು ಪಿಳ್ಳಪ್ಪ, ಮಗ್ಗದ ಮನೆಯವನು. ತಿಂಗಳು ಬಿಟ್ಟು ಬಂದವನು ಬೈಲಪ್ಪ.

ಪಿಳ್ಳಪ್ಪನಿಗೆ ಮೈಯೆಲ್ಲ ಚಡಪಡಿಕೆ. ಅವನು ಮಲಗಿದರೆ ಚಾಪೆಗೆ ನಿದ್ದೆ ಬರುತ್ತಿರಲಿಲ್ಲ. ನಡೆದರೆ ನೆರಳು ಏದುಸಿರು ಬಿಡುತ್ತ ಹಿಂದೆ ಉಳಿಯುತ್ತಿತ್ತು.

"ತಾತ, ಉಪದೇಶ ಯಾವಾಗ?"

"ಕಳೆ ಕೀಳು."

ಕಿತ್ತ. "ತಾತ, ಈಗ?"

"ಹಸುವಿಗೆ ನೀರು ಕುಡಿಸಿದೆಯಾ?"

ಮಳೆ ಹೋಯಿತು, ಇಬ್ಬನಿ ಬಂತು, ರಾಗಿ ತೆನೆ ಬಾಗಿತು. ಇಬ್ಬರೂ ಕೊಯ್ದರು, ಮೆದೆ ಒಟ್ಟಿದರು.

ಅಂದು ಸಂಜೆ ತಾತ ಬೈಲಪ್ಪನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಬೈಲಪ್ಪ ಕಾಲಿಗೆ ಬಿದ್ದ, ಬುತ್ತಿ ಕಟ್ಟಿಸಿಕೊಂಡ, ಊರಿಗೆ ಹೊರಟುಹೋದ.

ಪಿಳ್ಳಪ್ಪನ ಎದೆಯಲ್ಲಿ ಒನಕೆ ಕುಟ್ಟತೊಡಗಿತು.

"ಅವನು ನನ್ನ ಹಿಂದೆ ಬಂದವನು ತಾತ. ನನಗೇನು ಕಮ್ಮಿ?"

"ಹೊಲದಲ್ಲಿ ಇನ್ನೂ ಪೈರು ನಿಂತಿದೆಯಲ್ಲಪ್ಪ."

"ಅದು ಖಾಲಿಯಾದರೆ ನನಗೂ ಹೇಳ್ತೀರಾ?"

ತಾತ ಮಾತಾಡಲಿಲ್ಲ. ಅವಸರದವನಿಗೆ ಮೌನವೂ ಒಪ್ಪಿಗೆಯೇ.

ನಿಂತಿದ್ದದ್ದು ಅವರೆ ಗಿಡ. ರಾಗಿಯ ನಡುನಡುವೆ ಅಕ್ಕಡಿ ಸಾಲಾಗಿ ಹಾಕಿದ್ದು, ರಾಗಿ ಬಿತ್ತಿದ ದಿನವೇ ಬಿತ್ತಿದ್ದು. ರಾಗಿ ಮನೆ ಸೇರಿದ ಮೇಲೆ ಅದಕ್ಕೆ ಹೂವು. ಧನುರ್ಮಾಸದ ಇಬ್ಬನಿ ಕುಡಿದ ಮೇಲೆ ಕಾಯಿ. ಆ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮಗ್ಗದ ಮನೆಯ ರೀತಿಯೇ ಬೇರೆ: ಕೊನೆಯ ಎಳೆ ಬಿತ್ತು ಅಂದರೆ ಇಡೀ ಸೀರೆ ಒಟ್ಟಿಗೆ ಇಳಿಯುತ್ತದೆ.

ಬೆಳಗ್ಗೆ ಕೋಳಿ ಬಾಯಿ ತೆರೆಯಿತು, ಪಿಳ್ಳಪ್ಪ ಕುಡುಗೋಲು ಹಿಡಿದ. ಕೋಳಿ ಕೂಗಿ ಮುಗಿಸುವಷ್ಟರಲ್ಲಿ ಹೊಲ ಬೋಳು.

"ಅಜ್ಜೀ, ತಾತನ್ನ ಕರೀರಿ. ಹೊಲ ಖಾಲಿ, ಕೆಲಸ ಮುಗೀತು."

ಹೊನ್ನಜ್ಜಿ ಬಂದು ನೋಡಿ ಬದುವಿನ ಮೇಲೆಯೇ ಕುಸಿದಳು.

"ಅಲ್ಲ ಕಣೋ ಪುಣ್ಯಾತ್ಮ, ಹೂ ಬಿಟ್ಟ ಗಿಡ ಕೊಯ್ದೆಯಲ್ಲೋ. ಈ ಚಳಿಗೆ ಮುದ್ದೆ ಯಾವುದರಲ್ಲಿ ಅದ್ದಿ ನುಂಗ್ತೀಯ, ನಿನ್ನ ಉಪದೇಶದಲ್ಲಾ?"

ಪಿಳ್ಳಪ್ಪ ಕೊಯ್ದ ಸಾಲುಗಳ ಕಡೆ ತಿರುಗಿ ನೋಡಿದ.

"ನಮ್ಮತ್ತೆ ಕೊಟ್ಟ ಬೀಜ ಅದು," ಅಂದಳು ಅಜ್ಜಿ, ಈ ಸಲ ಮೆಲ್ಲಗೆ. "ಮಡಕೆಯಲ್ಲಿ ಒಂದು ಕಾಳೂ ಉಳಿಸಿಲ್ಲ."

ಪಿಳ್ಳಪ್ಪನ ಕೈಯಿಂದ ಕುಡುಗೋಲು ಜಾರಿತು.

ತಾತ ಬಂದರು. ಬಿದ್ದ ಸಾಲುಗಳ ನಡುವೆ ಈ ತುದಿಯಿಂದ ಆ ತುದಿಗೆ ನಡೆದರು. ಒಂದು ಗಿಡ ಎತ್ತಿಕೊಂಡು ಹೊಂಗೆ ಮರದ ತಂಪು ನೆರಳಲ್ಲಿ ಕೂತರು.

ಸರಿ, ಮೀಸೆಯ ಮೇಲೆ ಕೈಯಿಟ್ಟು ಒಂದು ಒಪ್ಪಿಕೊಳ್ಳುತ್ತೇನೆ. ಆ ನೆರಳು ನಾನು ಸೇರಿಸಿದ್ದು. ಅಲ್ಲಿ ಮರವೇ ಇರಲಿಲ್ಲ. ಮುದುಕ ಬಿಸಿಲಲ್ಲೇ ಕೂತಿದ್ದ.

"ನನ್ನನ್ನ ಓಡಿಸ್ತೀರಾ ತಾತ?"

"ಎಲ್ಲಿಗೆ ಹೋಗ್ತೀಯ?"

"ಗೊತ್ತಿಲ್ಲ. ಬೈರಿ, ಹೊಡೀರಿ. ಆದರೆ ಒಂದು ಹೇಳಿಬಿಡಿ. ಅವನಿಗೆ ಹೇಳಿದ್ದನ್ನ ನನಗೆ ಯಾಕೆ ಹೇಳಲಿಲ್ಲ?"

ತಾತ ಬಾಡುತ್ತಿದ್ದ ಹೂಗೊಂಚಲನ್ನು ಬಿಡಿಸಿ ಅವನ ಅಂಗೈಯಲ್ಲಿಟ್ಟರು.

"ಅವನು ರಾಗಿ ಕಣಪ್ಪ. ನಿನ್ನ ಬುಡಕ್ಕೆ ನಾನಿನ್ನೂ ಕುಡುಗೋಲು ಇಟ್ಟಿರಲಿಲ್ಲ."